ತೂತಿನಿಂದ ಮೇಲೆ ಬಂದ ಎಣ್ಣೆ

ಪುಣೆಯ ನಮ್ಮ ಓಣಿಯ ಫ್ಯಾನ್ ರಿಪೇರಿಯವರು ಕಳೆದ ಬೇಸಿಗೆಯಲ್ಲಿ ನಮ್ಮ ಟೇಬಲ್ ಫ್ಯಾನ್ ಬಿಚ್ಚಿ, ಉಂಗುರದಂಥ ಕಂಚಿನ ತುಂಡೊಂದನ್ನು ನನ್ನ ಅಂಗೈಗೆ ಹಾಕಿದರು. "ಬುಶ್ ಸವೆದಿದೆ" ಎಂದರು, ಅಷ್ಟೇ. ಬೇರಿಂಗ್ ಎಂದರೆ ಒಳಗೆ ಗುಂಡುಗಳಿರಲೇಬೇಕು ಎಂದು ನಂಬಿ ಒಮ್ಮೆ ಯಂತ್ರದ ಕೈಪಿಡಿಯೊಂದನ್ನು ತಪ್ಪಾಗಿ ಅನುವಾದಿಸಿದವಳು ನಾನು. ಈ ಬುಶ್ ಕೂಡ ಬೇರಿಂಗೇ, ಗುಂಡುಗಳಿಲ್ಲದ್ದು. ಎತ್ತಿನ ಗಾಡಿಯ ಅಚ್ಚು, ಗಾಲಿ, ನಡುವೆ ಕೀಲೆಣ್ಣೆ: ಅದೂ ಇದೇ ಜಾತಿ.

ಕೀಲೆಣ್ಣೆ ಸವೆತ ತಪ್ಪಿಸುತ್ತದೆ ಎಂದು ಗಾಡಿ ಹೊಡೆಯುವವರಿಗೆಲ್ಲ ಗೊತ್ತಿತ್ತು. ಹೇಗೆ ತಪ್ಪಿಸುತ್ತದೆ ಎಂಬುದು ತಿಳಿಯಲು 1883 ಬರಬೇಕಾಯಿತು.

ಆಗ ರೈಲು ಬೋಗಿಯ ಭಾರವೆಲ್ಲ ಅಚ್ಚಿನ ತುದಿಯ ಮೇಲೆ ಕುಳಿತ ಲೋಹದ ಅರೆಚಿಪ್ಪಿನ ಮೂಲಕ ಇಳಿಯುತ್ತಿತ್ತು. ಎಣ್ಣೆ ಬಿಡುವ ತೂತನ್ನು ಸಾಮಾನ್ಯವಾಗಿ ಚಿಪ್ಪಿನ ನೆತ್ತಿಗೇ ಕೊರೆಯುತ್ತಿದ್ದರು. ಎಣ್ಣೆ ಮೇಲಿನಿಂದ ಕೆಳಕ್ಕೆ ತಾನೇ ಇಳಿಯುವುದು! ಬ್ರಿಟನ್ನಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆ ಘರ್ಷಣೆಯ ಅಧ್ಯಯನಕ್ಕೆ ಬೋಚಂಪ್ ಟವರ್ ಎಂಬವರನ್ನು ನೇಮಿಸಿತು. ಅವರು 4 ಅಂಗುಲ ವ್ಯಾಸದ ಅಚ್ಚಿನ ಕೆಳಭಾಗವನ್ನು ಎಣ್ಣೆಯ ತೊಟ್ಟಿಯಲ್ಲಿ ಮುಳುಗಿಸಿ, ಮೇಲೆ ಅರೆಚಿಪ್ಪಿಟ್ಟು ಭಾರ ಹೇರಿ ತಿರುಗಿಸಿದರು. ನಡುವೆ ಚಿಪ್ಪಿನ ನೆತ್ತಿಗೆ ಒಂದು ತೂತನ್ನೂ ಕೊರೆದರು. ಯಂತ್ರ ಶುರುವಾದದ್ದೇ ತಡ, ತೂತಿನಿಂದ ಎಣ್ಣೆ ಮೇಲಕ್ಕೆ ಉಕ್ಕತೊಡಗಿತು. ಬಿರಡೆ ಜಡಿದರು, ಎಣ್ಣೆ ಅದನ್ನು ಹೊರದೂಡಿತು. ಮರದ ಬೆಣೆ ಜಡಿದರು, ಅದೂ ಹೊರಬಂತು. ಕೊನೆಗೆ ಒತ್ತಡಮಾಪಕ ಜೋಡಿಸಿದರು. ಚಿಪ್ಪಿನ ಮೇಲಿನ ಸರಾಸರಿ ಭಾರ ಚದರ ಅಂಗುಲಕ್ಕೆ 100 ಪೌಂಡ್. ಮಾಪಕದ ಮುಳ್ಳು 200 ದಾಟಿತು.

ಅಂದರೆ ಅಚ್ಚು ಚಿಪ್ಪನ್ನು ಮುಟ್ಟುತ್ತಲೇ ಇರಲಿಲ್ಲ. ಕೂದಲಿಗಿಂತ ತೆಳ್ಳಗಿನ ಎಣ್ಣೆಯ ಪೊರೆಯೊಂದು ಇಡೀ ಭಾರವನ್ನು ಹೊತ್ತಿತ್ತು. ತಿರುಗುವ ಅಚ್ಚು ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಗೆ ಎಳೆದೊಯ್ಯುತ್ತದೆ, ಅಲ್ಲಿ ಒತ್ತಡ ಹುಟ್ಟುತ್ತದೆ ಎಂದು ಆಸ್ಬೋರ್ನ್ ರೆನಾಲ್ಡ್ಸ್ 1886ರಲ್ಲಿ ಗಣಿತದ ಮೂಲಕ ವಿವರಿಸಿದರು. ನನಗೆ ಆ ಸಮೀಕರಣಕ್ಕಿಂತ ತೂತಿನ ಕಥೆಯೇ ರುಚಿ. ಎಣ್ಣೆ ಒಳಹೋಗಲೆಂದು ಜಾಣರು ಕೊರೆದ ಜಾಗವೇ ಒತ್ತಡ ಅತಿ ಹೆಚ್ಚಿರುವ ಕಡೆ, ಎಣ್ಣೆಯ ಹೊರದಾರಿ. ಭಾರ ಬೀಳದ ಕಡೆಯಿಂದ ಎಣ್ಣೆ ಬಿಡಬೇಕಿತ್ತು.

ಈ ಪೊರೆ ತಿರುಗುವಾಗ ಮಾತ್ರ ಇರುತ್ತದೆ. ಯಂತ್ರ ಹೊರಡುವಾಗ, ನಿಲ್ಲುವಾಗ ಲೋಹಕ್ಕೆ ಲೋಹ ತಾಗುತ್ತದೆ. ಅದಕ್ಕೇ ಒಳಪದರ ಮೆತ್ತಗಿರಬೇಕು. ಅಮೆರಿಕದ ಐಸಾಕ್ ಬ್ಯಾಬಿಟ್ ಹೆಸರಿನಲ್ಲಿ 1839ರಿಂದ ಪ್ರಸಿದ್ಧವಾದ, ತವರಕ್ಕೆ ಆಂಟಿಮನಿ, ತಾಮ್ರ ಬೆರೆಸಿದ ಮಿಶ್ರಲೋಹ ಇಂಥದ್ದು. ದೂಳಿನ ಕಣ ಬಿದ್ದರೆ ತನ್ನೊಳಗೆ ಹೂತುಕೊಂಡು ಅಚ್ಚನ್ನು ಉಳಿಸುತ್ತದೆ. ಚಿಪ್ಪು ಹೋದರೆ ಬದಲಿಸಬಹುದು, ಅಚ್ಚು ಹೋದರೆ ದುಬಾರಿ.

ನನ್ನ ಫ್ಯಾನಿನ ಬುಶ್ ಇನ್ನೊಂದು ಬಗೆ. ಕಂಚಿನ ಪುಡಿಯನ್ನು ಅಚ್ಚಿನಲ್ಲೊತ್ತಿ, ಕರಗದಷ್ಟು ಕಾಯಿಸಿ ಮಾಡಿದ್ದು. ಮೈಯೆಲ್ಲ ಸೂಕ್ಷ್ಮ ರಂಧ್ರ. ಅವು ಎಣ್ಣೆ ಕುಡಿದಿರುತ್ತವೆ. ಬಿಸಿಯಾದಾಗ ಎಣ್ಣೆ ಒಸರುತ್ತದೆ, ತಣಿದಾಗ ಮತ್ತೆ ಒಳಸೇರುತ್ತದೆ. ರಿಪೇರಿಯವರು ಹೊಸ ಬುಶ್ ಕೂರಿಸಿ, ಅದರ ಸುತ್ತ ಎಣ್ಣೆಯಲ್ಲಿ ನೆನೆಸಿದ ಉಣ್ಣೆಯ ಬಳೆ ತೊಡಿಸಿದರು. ಮೇಲಿನಿಂದ ಒಂದು ಹನಿಯನ್ನೂ ಬಿಡಲಿಲ್ಲ.