ತವರು ತೊರೆದವರು

ಇಪ್ಪತ್ತೆರಡು ವರ್ಷ ಬಿ.ಎ. ವಿದ್ಯಾರ್ಥಿಗಳಿಗೆ ಅಮೆರಿಕನ್ ಸಾಹಿತ್ಯ ಪಾಠ ಮಾಡಿದೆ. ‘ಪಾಸಿಂಗ್’ ಎಂಬ ಮಾತು ಬಂದಾಗಲೆಲ್ಲ ನಾನು ಹೇಳುತ್ತಿದ್ದುದು ಒಂದೇ: ಈ ಕತೆಗಳಲ್ಲಿ ಮೈಬಣ್ಣಕ್ಕಿಂತ ಮೊದಲು ತವರನ್ನು ಹುಡುಕಿ.

ಕಪ್ಪು ಜನರ ಲೆಕ್ಕಕ್ಕೆ ಸೇರಿದವರು ಮೈ ಬಿಳುಪಾಗಿದ್ದರೆ ಬಿಳಿಯರಂತೆ ಬದುಕುತ್ತಿದ್ದುದೇ ಪಾಸಿಂಗ್. ಗುಲಾಮಗಿರಿಯ ಕಾಲದಲ್ಲಿ ಅದು ಬಿಡುಗಡೆಯ ದಾರಿ. 1848ರಲ್ಲಿ ಜಾರ್ಜಿಯಾದ ಎಲೆನ್ ಕ್ರಾಫ್ಟ್ ಬಿಳಿಯ ಯಜಮಾನನ ವೇಷ ತೊಟ್ಟು, ಗಂಡನನ್ನು ತನ್ನ ಆಳೆಂದು ತೋರಿಸಿ, ಗುಲಾಮಗಿರಿ ಇಲ್ಲದ ಫಿಲಡೆಲ್ಫಿಯಾ ಮುಟ್ಟಿದಳು. ಗುಲಾಮಗಿರಿ 1865ರಲ್ಲಿ ಕೊನೆಗೊಂಡರೂ ಕಪ್ಪು-ಬಿಳಿಯರ ನಡುವಿನ ಗೆರೆ ಅಳಿಯಲಿಲ್ಲ. ಎಂಟರಲ್ಲಿ ಏಳು ಪಾಲು ಬಿಳಿಯ ರಕ್ತವಿದ್ದ ಹೋಮರ್ ಪ್ಲೆಸ್ಸಿ 1892ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಬೇಕೆಂದೇ ಬಿಳಿಯರ ರೈಲುಡಬ್ಬಿಯಲ್ಲಿ ಕೂತು ಬಂಧನಕ್ಕೊಳಗಾದ. 1896ರಲ್ಲಿ ಸುಪ್ರೀಂ ಕೋರ್ಟು ಅವನ ವಿರುದ್ಧವೇ ತೀರ್ಪು ಕೊಟ್ಟಿತು.

ಕಾದಂಬರಿಕಾರ ಚಾರ್ಲ್ಸ್ ಚೆಸ್ನಟ್ ನೋಡಲು ಬಿಳಿಯರಂತೆಯೇ ಇದ್ದರು, ಆದರೂ ಗೆರೆ ದಾಟಲಿಲ್ಲ. ಅವರ ‘ದಿ ಹೌಸ್ ಬಿಹೈಂಡ್ ದಿ ಸೀಡರ್ಸ್’ ಕಾದಂಬರಿ ಬಂದದ್ದು 1900ರಲ್ಲಿ. ಅದರಲ್ಲಿ ಜಾನ್ ಹೆಸರು ಬದಲಿಸಿಕೊಂಡು ಬಿಳಿಯ ವಕೀಲನಾಗುತ್ತಾನೆ, ತಂಗಿ ರೀನಾಳನ್ನೂ ಕರೆದೊಯ್ಯುತ್ತಾನೆ. ಬಿಳಿಯ ಹುಡುಗನೊಂದಿಗೆ ಅವಳ ಮದುವೆ ಗೊತ್ತಾಗುತ್ತದೆ. ಅಷ್ಟರಲ್ಲಿ ಅಮ್ಮನಿಗೆ ಕಾಯಿಲೆ. ರೀನಾ ತವರಿಗೆ ಓಡುತ್ತಾಳೆ. ಆ ಊರಿನಲ್ಲೇ ಹುಡುಗನ ಕಣ್ಣಿಗೆ ಬೀಳುತ್ತಾಳೆ. ಹುಟ್ಟಿನ ಗುಟ್ಟು ಬಯಲಾಗಿ ಸಂಬಂಧ ಮುರಿಯುತ್ತದೆ. ಈ ಪುಟಗಳನ್ನು ಓದಿದ ದಿನ ತರಗತಿ ಮುಗಿದರೂ ಹುಡುಗಿಯರು ಏಳುತ್ತಿರಲಿಲ್ಲ.

ಇನ್ನೊಬ್ಬ ಕಾದಂಬರಿಗಾರ್ತಿ ನೆಲ್ಲಾ ಲಾರ್ಸೆನ್ ಅವರದು ಬೇರೆ ಸಂಕಟ. ಅವರು ಹುಟ್ಟಿದ್ದು 1891ರಲ್ಲಿ, ಶಿಕಾಗೋದಲ್ಲಿ. ತಾಯಿ ಡೆನ್ಮಾರ್ಕಿನ ಬಿಳಿಯಳು, ಮಲತಂದೆ ಬಿಳಿಯ, ತಂಗಿಯೂ ಬಿಳಿಯಳೇ. ಆ ಮನೆಯಲ್ಲಿ ಕಪ್ಪು ಮಗು ಅವರೊಬ್ಬರೇ. 1929ರ ಅವರ ‘ಪಾಸಿಂಗ್’ ಕಾದಂಬರಿಯ ಕ್ಲೇರ್, ಕಪ್ಪು ಜನರನ್ನು ದ್ವೇಷಿಸುವ ಗಂಡನಿಂದ ತನ್ನ ಹುಟ್ಟನ್ನು ಬಚ್ಚಿಟ್ಟವಳು. ಶ್ರೀಮಂತಿಕೆ ಅವಳಿಗೆ ಸಾಲುವುದಿಲ್ಲ. ತನ್ನವರ ನಗು, ಮಾತು ಬೇಕೆಂದು ಮತ್ತೆಮತ್ತೆ ನ್ಯೂಯಾರ್ಕಿನ ಕಪ್ಪು ಜನರ ಕೇರಿ ಹಾರ್ಲೆಮ್‌ಗೆ ಬರುತ್ತಾಳೆ. ಅಲ್ಲೇ ಕಿಟಕಿಯಿಂದ ಬಿದ್ದು ಸಾಯುತ್ತಾಳೆ. ಲಾರ್ಸೆನ್ ಅವರ ಮೂರನೆಯ ಕಾದಂಬರಿ ಅಚ್ಚಾಗಲೇ ಇಲ್ಲ. ಅವರು ನ್ಯೂಯಾರ್ಕಿನಲ್ಲಿ ನರ್ಸ್ ಕೆಲಸಕ್ಕೆ ಮರಳಿ, 1964ರಲ್ಲಿ ತೀರಿಕೊಂಡರು.

ಬಿಳಿಯರಾಗಿ ಬದುಕಿದವರನ್ನು ಮೋಸಗಾರರೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಮೋಸ ಮಾಡಿದ್ದು ಕಾನೂನು. ಒಳ್ಳೆಯ ಕೆಲಸ, ರೈಲಿನ ಸೀಟು, ಮರ್ಯಾದೆ ಬೇಕಿದ್ದರೆ ಹೆತ್ತವಳನ್ನು ಮರೆ ಎಂದಿತು. ಈ ಎರಡೂ ಕಾದಂಬರಿಗಳನ್ನು ಓದಿ. ರೀನಾ ಕೊನೆಯುಸಿರೆಳೆದದ್ದು ಅಮ್ಮನ ಮನೆಯಲ್ಲೇ.