ಕೂಟವೋ, ದಂಗೆಯೋ?

ಮದುವೆ ಮನೆಯಲ್ಲಿ ಭೋಜನಕೂಟ, ರಂಜಾನ್ ಬಂದರೆ ಇಫ್ತಾರ್ ಕೂಟ, ಹೈಸ್ಕೂಲು ಮೈದಾನದಲ್ಲಿ ಕ್ರೀಡಾಕೂಟ, ಚುನಾವಣೆ ಹತ್ತಿರವಾದಂತೆ ಮೈತ್ರಿಕೂಟ. ಜಾತಕ ಬಿಡಿಸಿ ಕೂತ ಜೋಯಿಸರಿಗೆ ಗಣಕೂಟ, ನಾಡಿಕೂಟ. ಇಷ್ಟು ಸಾಧುವಾದ ಶಬ್ದ ಕನ್ನಡದಲ್ಲಿ ಇನ್ನೊಂದು ಸಿಗುವುದು ಕಷ್ಟ. ಆದರೆ 1830ರಲ್ಲಿ, ಮೈಸೂರು ಸಂಸ್ಥಾನದ ನಗರ ಫೌಜುದಾರಿಯಲ್ಲಿ (ಮಲೆನಾಡಿನ ನಗರ ಎಂಬ ಊರಿನ ಹೆಸರು ಹೊತ್ತ ಆಡಳಿತ ವಿಭಾಗ), ಇಂಥ ಊರಲ್ಲಿ ಕೂಟ ಸೇರಿದೆಯಂತೆ ಎಂದರೆ ತಾಲ್ಲೂಕಿನ ಅಮಲ್ದಾರನಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಆಡು ಆಟವಾದ ಹಾಗೆ, ಓಡು ಓಟವಾದ ಹಾಗೆ, ಕೂಡು ಕೂಟವಾಯಿತು. ಅಪ್ಪಟ ಕನ್ನಡದ ಹುಟ್ಟು. ನಮ್ಮ ಕಡೆ ಸಂತೆ ಸೇರುವುದಿಲ್ಲ, ಕೂಡುತ್ತದೆ. ಜಗಳೂರಿನ ಕೊಡದಗುಡ್ಡದಲ್ಲಿ ವೀರಭದ್ರನ ಜಾತ್ರೆ ಕೂಡುತ್ತದೆ. ಹೆಣ್ಣಿಗೆ ಕಂಕಣ ಕೂಡಿಬರುತ್ತದೆ. ಹೊನ್ನಾಳಿಯ ಮಗ್ಗುಲಲ್ಲಿ ಹರಿಯುವ ತುಂಗಭದ್ರೆಯೂ ಕೂಡ್ಲಿಯಲ್ಲಿ ಕೂಡಿಕೊಂಡೇ ಇಲ್ಲಿಗೆ ಬಂದವಳು. ಸಂಸ್ಕೃತದ ಕೂಟ ಬೇರೆ. ಅಲ್ಲಿ ಅದು ಬೆಟ್ಟದ ಶಿಖರವೂ ಹೌದು, ಮೋಸವೂ ಹೌದು. ಸುಳ್ಳು ಸಾಕ್ಷಿ ಹೇಳುವವನು ಕೂಟಸಾಕ್ಷಿ. ಉಚ್ಚಾರ ಒಂದೇ, ಕುಲ ಬೇರೆ. ರೈತರು ಕನ್ನಡದ ಕೂಟ ಕಟ್ಟಿದರು. ಸರ್ಕಾರದ ಕಣ್ಣಿಗೆ ಅದರಲ್ಲಿ ಸಂಸ್ಕೃತದ ಕೂಟವೇ ಕಂಡಿತು ಎಂದು ತಮಾಷೆಗೆ ಹೇಳಬಹುದು. ಆಮೇಲೆ ನಡೆದದ್ದು ತಮಾಷೆಯಲ್ಲ.

1830ರ ಆಗಸ್ಟಿನಲ್ಲಿ ಕೂಟಕ್ಕೆ ಬನ್ನಿ ಎಂದು ಹಳ್ಳಿಹಳ್ಳಿಗೆ ಚೀಟಿ ಓಡಾಡಿದವು. ಸೇರಬೇಕಾದ ಜಾಗ ಬಸವಾಪಟ್ಟಣ, ಇಂದಿನ ಚನ್ನಗಿರಿ ತಾಲ್ಲೂಕಿನ ಊರು, ಒಂದು ಕಾಲಕ್ಕೆ ಪಾಳೆಗಾರರ ರಾಜಧಾನಿ. ಕಾರಣ ಹಳೆಯದೇ: ಕಂದಾಯ. ತಾಲ್ಲೂಕಿನಿಂದ ಇಷ್ಟು ಹಣ ಎತ್ತಿಕೊಟ್ಟೇ ಕೊಡುತ್ತೇನೆಂದು ಅಮಲ್ದಾರ ಸರ್ಕಾರಕ್ಕೆ ಶರ್ತಿ ಬರೆದುಕೊಟ್ಟರೆ, ಆ ಶರ್ತಿಯ ಭಾರವೆಲ್ಲ ಹೊಲದವನ ಬೆನ್ನಿಗೆ. ಫೌಜುದಾರಿಯ ಆಯಕಟ್ಟಿನ ಹುದ್ದೆಗಳು ವರ್ಷಾನುಗಟ್ಟಲೆ ಒಂದೇ ಬಳಗದ ಕೈಯಲ್ಲಿದ್ದವು. ಹೊಸ ಫೌಜುದಾರ ಬಂದು, ಹಿಂದೆ ಕೊಟ್ಟ ಕಂದಾಯ ಮಾಫಿಗಳನ್ನು ಕೆದಕಿದ್ದೇ ತಡ, ಊರೂರ ಪಟೇಲರೂ ರೈತರ ಜೊತೆ ನಿಂತರು. ಇದೇ ಹೊತ್ತಿಗೆ ಘಟ್ಟದ ಕೆಳಗೆ ಈಸ್ಟ್ ಇಂಡಿಯಾ ಕಂಪನಿ ಆಳುತ್ತಿದ್ದ ಕನ್ನಡ ಜಿಲ್ಲೆಯಲ್ಲೂ, ಮಂಗಳೂರಿನ ಕದ್ರಿಯಿಂದ ಕಾಸರಗೋಡಿನ ತನಕ, ರೈತರು ಕಂದಾಯ ಕಟ್ಟುವುದಿಲ್ಲವೆಂದು ಸೇರುತ್ತಿದ್ದರು. ಅಲ್ಲಿಯೂ ಹೆಸರು ಕೂಟವೇ. ಇಂಗ್ಲಿಷ್ ಅಧಿಕಾರಿಗಳಿಗೆ ಇದಕ್ಕೆ ತಮ್ಮ ಭಾಷೆಯಲ್ಲಿ ಸಮನಾದ ಮಾತು ಹೊಳೆಯಲಿಲ್ಲವೋ ಏನೋ, ಕಡತಗಳಲ್ಲಿ ಕೂಟ ಎಂದೇ ಬರೆದುಕೊಂಡರು.

ಕೂಟಕ್ಕೆ ದೇವರು, ರಾಜ ಎರಡೂ ಒಬ್ಬನ ರೂಪದಲ್ಲಿ ಬಂದವು. ಅವನೇ ಬೂದಿ ಬಸವಪ್ಪ. ಕೆಳದಿ ಅರಸರ ನಗರ 1763ರಲ್ಲೇ ಹೈದರಾಲಿಗೆ ಬಿದ್ದಿತ್ತು. ಆದರೂ ಆ ವೀರಶೈವ ಅರಸು ಮನೆತನದ ನೆನಪು ಜನರಲ್ಲಿ ಆರಿರಲಿಲ್ಲ. ಈತ ತಾನೇ ಆ ವಂಶದ ಕುಡಿ ಎಂದ. ಗುರುತಿಗೆ ಅರಸುಮನೆಯ ಮುದ್ರೆಗಳನ್ನು ತೋರಿಸುತ್ತಿದ್ದ; ಅವು ಒಬ್ಬ ಜಂಗಮನ ಶಿಷ್ಯನಾಗಿದ್ದಾಗ ಅವನ ಕೈಸೇರಿದವು ಎನ್ನುತ್ತಾರೆ. ಕನ್ನಡ ಜಿಲ್ಲೆಯ ಜೈಲಿನಲ್ಲಿ ಇದ್ದು ಬಂದವನು. ಬಿಡುಗಡೆಯಾದಾಗ ಕೋರ್ಟಿನಿಂದ ಸಿಕ್ಕ ಕಾಗದವನ್ನೇ, ತನ್ನ ಹಕ್ಕನ್ನು ಕಂಪನಿ ಒಪ್ಪಿ ಕೊಟ್ಟ ಸನದು ಎಂದು ತೋರಿಸಿಕೊಂಡು ತಿರುಗಿದನಂತೆ. ಇಂಗ್ಲಿಷ್ ಓದಲು ಬಾರದ ಊರಿನಲ್ಲಿ ಮೊಹರು ಇದ್ದರೆ ಸಾಕಲ್ಲವೇ! ಸರ್ಕಾರಿ ಬರಹಗಾರರು ಇದನ್ನು ನಗೆಪಾಟಲಾಗಿಸಿ ಬರೆದಿದ್ದಾರೆ. ನನಗೆ ನಗು ಬರುವುದಿಲ್ಲ. ತಲೆಮಾರುಗಳಿಂದ ಮೊಹರಿನ ಕಾಗದಕ್ಕೆ ಹೆದರಿ ಹೆದರಿ ಬಾಳಿದ್ದ ಜನ, ಅಂಥದೇ ಕಾಗದ ತಮ್ಮ ಪರವಾಗಿ ಬಂತೆಂದಾಗ ನಂಬಿದರು.

ತೆರಿಗೆಯ ಸಿಟ್ಟು, ಸುಳ್ಳು ರಾಜಕುಮಾರ ಎರಡೂ ಒಂದೇ ಬಂಡಿ ಹತ್ತುವುದು ನಮ್ಮಲ್ಲಿ ಮಾತ್ರವಲ್ಲ. ಸ್ಕಾಟ್ಲೆಂಡಿನ ಮೇಲಿನ ಯುದ್ಧಕ್ಕೆಂದು ಹಾಕಿದ ತೆರಿಗೆಗೆ ಕೆರಳಿ 1497ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಜನ ಲಂಡನ್ನಿನವರೆಗೆ ನಡೆದು ಸೋತರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪರ್ಕಿನ್ ವಾರ್ಬೆಕ್ ಎಂಬಾತ, ಕಾಣೆಯಾದ ರಾಜಕುಮಾರ ನಾನೇ ಎಂದು ಅಲ್ಲಿಗೇ ಬಂದಿಳಿದ, ಅವರೇ ಅವನ ಹಿಂದೆ ಹೊರಟರು. 1499ರಲ್ಲಿ ಅವನನ್ನು ಗಲ್ಲಿಗೆ ಹಾಕಿದರು.

ಕೂಟಕ್ಕೆ ಇನ್ನೂ ಹತ್ತಿರದ ನೆಂಟಸ್ತಿಕೆ ಬೊಹೀಮಿಯಾದ್ದು, ಈಗಿನ ಜೆಕ್ ದೇಶದ್ದು. ಚರ್ಚಿನ ಹಣದಾಸೆಯನ್ನು ಖಂಡಿಸಿದ ಯಾನ್ ಹುಸ್‌ನನ್ನು 1415ರಲ್ಲಿ ಜೀವಂತ ಸುಟ್ಟರು. ಅವನ ಮಾತು ನಂಬಿದ ಹಳ್ಳಿಗರು 1419ರಲ್ಲಿ ಬೆಟ್ಟಗಳ ಮೇಲೆ ಸೇರತೊಡಗಿದರು. ಬುತ್ತಿ ತಂದರು, ಹಂಚಿ ಉಂಡರು, ಪಾದ್ರಿಗಳಿಗಷ್ಟೇ ಮೀಸಲಾಗಿದ್ದ ದ್ರಾಕ್ಷಾರಸದ ಬಟ್ಟಲು ಎಲ್ಲರ ಕೈಗೂ ಬಂತು. ಅಂಥ ಒಂದು ಬೆಟ್ಟಕ್ಕೆ ಬೈಬಲಿನಿಂದ ಹೆಸರು ತಂದು ತಾಬೋರ್ ಎಂದರು. ಮರುವರ್ಷ ಅದೇ ಹೆಸರಿನ ಊರು ಕಟ್ಟಿ, ಸೇರಲು ಬಂದವರೆಲ್ಲ ತಮ್ಮ ಹಣವನ್ನು ಒಂದೇ ತೊಟ್ಟಿಗೆ ಹಾಕಬೇಕೆಂದರು. ಯಾನ್ ಜಿಷ್ಕ ಅವರ ಸಾಮಾನಿನ ಬಂಡಿಗಳನ್ನೇ ಕೋಟೆ ಮಾಡಿ ನೈಟ್‌ಗಳ ಕುದುರೆ ದಂಡನ್ನು ತಡೆದ. 1434ರಲ್ಲಿ ಲಿಪಾನಿಯಲ್ಲಿ ತಾಬೋರಿನವರು ನೆಲಕಚ್ಚಿದರು. ಇವತ್ತು ಜೆಕ್ ಭಾಷೆಯಲ್ಲಿ ತಾಬೋರ್ ಎಂದರೆ ಶಿಬಿರ; ಬೇಸಿಗೆ ರಜೆಯಲ್ಲಿ ಮಕ್ಕಳು ತಾಬೋರಿಗೆ ಹೋಗುತ್ತಾರೆ. ನಮ್ಮ ಮಕ್ಕಳು ಕ್ರೀಡಾಕೂಟಕ್ಕೆ ಹೋಗುತ್ತಾರೆ. ಎರಡು ಶಬ್ದಗಳಿಗೂ ಹಲ್ಲು ಉದುರಿದೆ.

ನಮ್ಮ ಕೂಟದ ಕೊನೆ ಹೊನ್ನಾಳಿಯ ಹಾದಿಯಲ್ಲಿದೆ. ಅಲ್ಲಿಯ ಕೋಟೆಗಾಗಿ ಕೂಟದವರಿಗೂ ಸರ್ಕಾರದ ಪಡೆಗೂ ಕಾದಾಟವಾಯಿತು. ಸೆರೆಸಿಕ್ಕವರನ್ನು ಹೊನ್ನಾಳಿಯಿಂದ ಶಿವಮೊಗ್ಗದ ದಾರಿಯುದ್ದಕ್ಕೂ ಅಲ್ಲಲ್ಲಿ ನೇಣಿಗೆ ಹಾಕಿದರು. ಈಗ ತಾಲ್ಲೂಕಾಗಿರುವ ನ್ಯಾಮತಿಯ ಸೀಮೆ ಹಾಯುವ ದಾರಿ ಅದು. ಬಸ್ಸಿನಲ್ಲಿ ಹೋದರೆ ಅಡಿಕೆ ತೋಟ, ಮೆಕ್ಕೆಜೋಳ ಕಾಣುತ್ತವೆ. ನೇಣಿಗೆ ಹೋದವರ ಹೆಸರು ಹೇಳುವ ಒಂದು ಕಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. 1831ರಲ್ಲಿ ಕಂಪನಿಯ ಸೈನ್ಯ ನಗರವನ್ನು ಹಿಡಿಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಇಡೀ ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಕಿತ್ತುಕೊಂಡ. ಕೂಟದ ಕಾರಣ ವಿಚಾರಿಸಿದ ಸಮಿತಿ ವರದಿ ಕೊಟ್ಟದ್ದು 1833ರ ಡಿಸೆಂಬರಿನಲ್ಲಿ: ಶಿಕ್ಷೆ ಮೊದಲು, ವಿಚಾರಣೆ ಆಮೇಲೆ. ಅರಸರ ಮನೆಗೆ ರಾಜ್ಯ ಮರಳಲು 1881 ಬರಬೇಕಾಯಿತು.

ಮುಂದೆ ಕೂಟ ಎಂಬ ಶಬ್ದಕ್ಕೇನಾಯಿತು? ಈಗ ಭದ್ರಾ ನಾಲೆಗೆ ನೀರು ಬಿಡಿ ಎಂದು ರೈತರು ಕೂತರೆ ಅದು ಧರಣಿ. ಜಗಳೂರಿನವರು 57 ಕೆರೆಗೆ ನೀರು ಕೇಳಿದ್ದು ಹೋರಾಟ. ಚನ್ನಗಿರಿಯ ಅಡಿಕೆ ಬೆಳೆಗಾರರು ಸೇರಿದರೆ ಸಭೆ. ಸಂಘದ ಹೆಣ್ಣುಮಕ್ಕಳ ಒಕ್ಕೂಟ, ಹಾಲಿನ ಒಕ್ಕೂಟಗಳಲ್ಲಿ ಮಾತ್ರ ಹಳೆಯ ಕೂಟ ಬಾಲವಾಗಿ ಉಳಿದಿದೆ. ಅದೂ ಕೆಟ್ಟದ್ದೇನಲ್ಲ.

ಕೆಟ್ಟದ್ದು ಬೇರೆಯೇ ಇದೆ. 1830ರ ಸಂಗತಿಗೆ ನಮ್ಮ ಪುಸ್ತಕಗಳು ಕೊಟ್ಟ ಹೆಸರು ನಗರದ ದಂಗೆ. ದಂಗೆ ಕುದುರೆಯ ಮೇಲೆ ಕೂತವನ ಮಾತು; ದೂರದಿಂದ ಗಲಾಟೆ ಕೇಳಿಸಿಕೊಂಡವನು ಇಟ್ಟ ಹೆಸರು. ನೆಲದ ಮೇಲೆ ಒತ್ತಾಗಿ ಕೂತು, ಕಂದಾಯದ ಲೆಕ್ಕ ಕೇಳಿದವರು ತಮ್ಮ ಕೆಲಸಕ್ಕೆ ಕೂಟ ಎಂದಿದ್ದರು. ಸೋತವರ ಊರು ಹೋಯಿತು, ತಲೆ ಹೋಯಿತು, ಅವರು ಇಟ್ಟುಕೊಂಡ ಹೆಸರನ್ನೂ ನಾವೇ ಕೈಯಾರೆ ತೆಗೆದುಹಾಕಬೇಕೆ? ಪಠ್ಯ ಬರೆಯುವ ಮೇಷ್ಟ್ರುಗಳಲ್ಲಿ ಒಂದು ವಿನಂತಿ: ಮುಂದಿನ ಸಲ ಅಚ್ಚು ಮಾಡಿಸುವಾಗ ಆ ಪಾಠದ ಶೀರ್ಷಿಕೆಯನ್ನು ನಗರದ ಕೂಟ ಎಂದು ತಿದ್ದಿ.