ಗುಳೆ: ವಿಜಯಪುರ ಜಿಲ್ಲೆಯ ದುಡಿಯುವವರ ಸಾಮೂಹಿಕ ವಲಸೆ

ಬರ, ಕೂಲಿಯ ಕೊರತೆ, ಸಾಲ ಮೊದಲಾದ ಕಾರಣಗಳಿಂದ ದುಡಿಯುವ ಕುಟುಂಬಗಳು ಊರಿನ ಕೆಲಸ ಬಿಟ್ಟು ಗುಂಪಾಗಿ ಬೇರೆಡೆಗೆ ಹೋಗುವುದಕ್ಕೆ ಗುಳೆ ಎಂದು ಹೆಸರು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಇದು ತಲೆಮಾರುಗಳಿಂದ ನಡೆದುಬಂದಿದೆ.

ಇತಿಹಾಸ: 1870ರ ದಶಕದಲ್ಲಿ ಈ ತಾಲ್ಲೂಕುಗಳು ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಯಲ್ಲಿದ್ದವು. 1876–78ರ ಕ್ಷಾಮಕ್ಕೆ ಹೆಚ್ಚು ತುತ್ತಾದ ಜಿಲ್ಲೆಗಳಲ್ಲಿ ಇದೂ ಒಂದು. 1877ರ ಆರಂಭದಲ್ಲಿ ಬ್ರಿಟಿಷ್ ಸರ್ಕಾರದ ಕ್ಷಾಮ ಪ್ರತಿನಿಧಿ ರಿಚರ್ಡ್ ಟೆಂಪಲ್ ಸೂಚನೆಯಂತೆ ಬರಪರಿಹಾರ ಕಾಮಗಾರಿಗಳ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯದ ಲೆಕ್ಕಕ್ಕೆ ಇಳಿಸಿದಾಗ, ಪ್ರಾಂತದ ದಖ್ಖನ್ ಭಾಗದಲ್ಲಿ ಸಾವಿರಾರು ಹಸಿದ ಜನ ಕೆಲಸ ಬಿಟ್ಟು ಹೊರಟರು. ಪುಣೆಯ ‘ಸಾರ್ವಜನಿಕ ಸಭೆ’ ಎಂಬ ಸಂಸ್ಥೆ ಅವರ ಪರವಾಗಿ ವಾದಿಸಿತು. ದುಡಿದರೂ ಹೊಟ್ಟೆ ತುಂಬದ ಕೂಲಿಗೆ ಬಡವರೂ ನಿಲ್ಲುವುದಿಲ್ಲವೆಂಬುದು ಆಗಲೇ ಸ್ಪಷ್ಟವಾಗಿತ್ತು.

ಕಾರಣಗಳು: ಇಲ್ಲಿ ಬೀಳುವ ಮಳೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಾತ್ರ, ಅದೂ ಹೇಳಿದ ಹೊತ್ತಿಗೆ ಬರುವುದಿಲ್ಲ. ಎರೆಹೊಲದಲ್ಲಿ ಹಿಂಗಾರಿ ಜೋಳ, ಕಡಲೆ ಬಿತ್ತಿದ ಮೇಲೆ ಸುಗ್ಗಿಯವರೆಗೆ ಕೂಲಿ ಕೆಲಸ ಕಡಿಮೆ. ಬೆಳೆ ಕೈಕೊಟ್ಟರೆ ರೈತನಿಗೆ ಫಸಲು ಹೋಗುತ್ತದೆ, ಕೂಲಿಯವನಿಗೆ ಸುಗ್ಗಿಯ ದುಡಿಮೆಯೂ ಹೋಗುತ್ತದೆ. ಟ್ರ್ಯಾಕ್ಟರ್, ರಾಶಿ ಯಂತ್ರಗಳು ಉಳಿದ ಕೆಲಸವನ್ನೂ ಕಡಿಮೆ ಮಾಡಿವೆ. ಮದುವೆ, ಕಾಯಿಲೆಗಾಗಿ ಮಾಡಿದ ಸಾಲ ತೀರಿಸಲು ಒಟ್ಟಿಗೆ ಕೈಗೆ ಬರುವ ಮುಂಗಡ ಹಣ ಬೇಕಾಗುತ್ತದೆ. ಭೂಮಿ ಇಲ್ಲದವರು, ತುಂಡು ಹೊಲದವರು, ಲಂಬಾಣಿ ತಾಂಡಾಗಳ ಜನ ಹೀಗೆ ಹೊರಡುವವರಲ್ಲಿ ಹೆಚ್ಚು.

ಸ್ವರೂಪ: ಮಹಾರಾಷ್ಟ್ರದ ಕಬ್ಬಿನ ಗದ್ದೆಗಳು, ಪುಣೆ–ಮುಂಬಯಿಯ ಕಟ್ಟಡ ಕೆಲಸ, ಗೋವಾದ ವಾಸ್ಕೋ ಸುತ್ತಲಿನ ದುಡಿಮೆ ಮುಖ್ಯ ನೆಲೆಗಳು. ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಗಂಡ-ಹೆಂಡತಿಯದು ಒಂದು ಜೋಡಿ: ಒಬ್ಬರು ಕಡಿದರೆ ಇನ್ನೊಬ್ಬರು ಸವರಿ ಸಿವುಡು ಕಟ್ಟುತ್ತಾರೆ, ಹೊತ್ತು ಟ್ರೇಲರಿಗೆ ಹೇರುತ್ತಾರೆ. ಹಂಗಾಮಿಗೆ ಮೊದಲೇ ಮುಕಾದಮ, ಅಂದರೆ ಕೂಲಿಯವರನ್ನು ಕೂಡಿಸುವ ಗುತ್ತಿಗೆದಾರ, ಮುಂಗಡ ಕೊಟ್ಟಿರುತ್ತಾನೆ. ಕಡಿದ ಟನ್ನಿನ ಲೆಕ್ಕದಲ್ಲಿ ಅದು ಕಳೆಯಬೇಕು. ಕಳೆಯದೆ ಉಳಿದದ್ದು ಮುಂದಿನ ವರ್ಷದ ಬಾಕಿ. ಹೀಗೆ ಊರಿನ ಕೆಲಸ ಬಿಟ್ಟವರಿಗೆ ಹೊರಗಿನ ಕೆಲಸ ಬಿಡುವ ಸ್ವಾತಂತ್ರ್ಯ ಇರುವುದಿಲ್ಲ.

ಪರಿಣಾಮ: ಊರಲ್ಲಿ ಮುದುಕರು ಉಳಿಯುತ್ತಾರೆ. ತಂದೆತಾಯಿಯ ಜೊತೆ ಹೋದ ಮಕ್ಕಳ ಓದು ನಡುವರ್ಷದಲ್ಲೇ ಮುರಿಯುತ್ತದೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಲಾಕ್‌ಡೌನ್ ಜಾರಿಯಾದಾಗ ಕೂಲಿ ನಿಂತು, ಬಾಡಿಗೆಗೂ ರೇಷನ್ನಿಗೂ ಪರದಾಡಿದ ವಲಸಿಗರು ನಗರಗಳಿಂದ ಸಾಮೂಹಿಕವಾಗಿ ಊರಿಗೆ ಮರಳಿದರು.

ಪರಿಹಾರ ಕ್ರಮಗಳು: 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಗುತ್ತಿಗೆದಾರರಿಗೆ ಪರವಾನಗಿ, ಕಾರ್ಮಿಕರಿಗೆ ಪ್ರಯಾಣ ಭತ್ಯೆ ಕಡ್ಡಾಯಗೊಳಿಸಿತು. 2005ರ ಉದ್ಯೋಗ ಖಾತರಿ ಕಾಯ್ದೆ ಪ್ರತಿ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸದ ಹಕ್ಕು ನೀಡಿತು. ಆದರೆ ಕೂಲಿ ತಡವಾದಾಗ ಜನ ಮತ್ತೆ ಮುಕಾದಮನ ಕಡೆ ತಿರುಗುತ್ತಾರೆ. ಆಲಮಟ್ಟಿ, ನಾರಾಯಣಪುರ ಜಲಾಶಯಗಳ ಕಾಲುವೆ ನೀರು ತಲುಪಿದ ಹೊಲಗಳಲ್ಲಿ ದುಡಿಮೆಯ ದಿನಗಳು ಹೆಚ್ಚುತ್ತವೆ. ಊರಿನಲ್ಲಿ ವರ್ಷವಿಡೀ ಕೆಲಸ, ಹೊತ್ತಿಗೆ ಸರಿಯಾಗಿ ಕೂಲಿ, ಮುಂಗಡಕ್ಕೆ ಬದಲಾಗಿ ಸುಲಭ ಬಡ್ಡಿಯ ಸಾಲ, ಈ ಮೂರೂ ಒಟ್ಟಿಗೆ ಸಿಕ್ಕಲ್ಲಿ ಮಾತ್ರ ಗುಳೆ ಕಡಿಮೆಯಾಗುತ್ತದೆ.